ಬಿಗರಿ ವರ್ಗದ ಐದು ಎತ್ತುಗಳು

ಒಬ್ಬೊಬ್ಬ ಹೆಂಗಸಿನ ಕೈಗೆ ಒಂದೊಂದು ಚಟ ಇರುತ್ತದೆ. ಕೆಲವರ ಕೈ ಮಾತಿನ ನಡುವೆಯೇ ನೆಲ ಒರೆಸುತ್ತದೆ, ಕೆಲವರದು ಕಂಡವರ ಮಕ್ಕಳ ತಲೆಯಲ್ಲಿ ಹೇನು ಹುಡುಕುತ್ತದೆ. ನನ್ನ ಕೈಗೆ ಪೂಜೆಯ ಚಟ. ಹೊಸದಾಗಿ ಮನೆಗೆ ಏನೇ ಬರಲಿ, ಅದನ್ನು ಒರೆಸಿ, ವಿಭೂತಿ ಎಳೆದು, ಕುಂಕುಮದ ಬೊಟ್ಟಿಟ್ಟು ಕೈಮುಗಿದ ಮೇಲೆಯೇ ನನಗೆ ಸಮಾಧಾನ. ಬೀಸುವ ಕಲ್ಲಿಗೋ ಲಾಟೀನಿಗೋ ಹೀಗೆ ಮಾಡಿದರೆ ಯಾರೂ ಏನೂ ಅನ್ನುವುದಿಲ್ಲ. ಒಮ್ಮೆ ನಮ್ಮ ಯಜಮಾನರು ಗೋಕಾಕದ ಸಂತೆಯಿಂದ ಹೊಸ ಕೊಡೆ ತಂದರು. ಅದಕ್ಕೂ ಮೂರು ಬೆರಳಿನ ವಿಭೂತಿ ಬಳಿದೆ. ಮರುದಿನದ ಮಳೆಗೆ ಅದು ಕರಗಿ ಅವರ ಕರಿ ಕೋಟಿನ ಮೇಲೆ ಇಳಿಯಿತು. "ಮಾಸ್ತರ್ರ ಮ್ಯಾಲ ಕಾಗಿ ಕುಂತು ಹೋಗೈತಿ" ಎಂದು ಶಾಲೆಯ ಮಕ್ಕಳೆಲ್ಲ ನಕ್ಕರಂತೆ. ಅಂದು ಅವರು ಮನೆಗೆ ಬಂದು ಕೊಡೆಯನ್ನು ಮೂಲೆಗಿಟ್ಟು, ನನ್ನನ್ನು ಒಮ್ಮೆ ನೋಡಿ, ಏನೂ ಅನ್ನದೆ ಊಟಕ್ಕೆ ಕುಳಿತರು. ಬಯ್ಯದ ಗಂಡ ಸಿಕ್ಕಿದ್ದು ಶಿವ ನನಗೆ ಕೊಟ್ಟ ದೊಡ್ಡ ಉಪಕಾರ. ಆದರೆ ಬಯ್ಯದ ಗಂಡನಿಂದ ಹೆಂಡತಿಯ ಚಟ ಬಿಡುವುದಿಲ್ಲ ಎಂಬುದೂ ಅಷ್ಟೇ ನಿಜ.

ಅವರು ಘೋಡಗೇರಿಯ ಆಚೆಗಿರುವ ಒಂದು ಸಣ್ಣ ಹಳ್ಳಿಯಲ್ಲಿ ಬಿಗರಿ ವರ್ಗದ ಮಾಸ್ತರರು. ಬಿಗರಿ ಎಂದರೆ ಒಂದನೆಯ ಇಯತ್ತೆಗೂ ಮೊದಲು, ಅಕ್ಷರ ತಿದ್ದುವ ಪುಟ್ಟ ಮಕ್ಕಳ ವರ್ಗ. ಅರ್ಧ ಮಕ್ಕಳು ಅಳುವವರು, ಉಳಿದರ್ಧ ಅವರನ್ನು ಅಳಿಸುವವರು. ಮದುವೆಯಾದಾಗಿನಿಂದ ನಾನು ಅವರ ಹಿಂದೆ ಊರೂರು ತಿರುಗಿದವಳು. ಕಣಗಲಾ ಆಯಿತು, ತುಕ್ಕಾನಟ್ಟಿ ಆಯಿತು, ಹೆಸರು ಹೇಳಿದರೂ ಯಾರಿಗೂ ಗೊತ್ತಾಗದ ಇನ್ನೆರಡು ಹಳ್ಳಿಗಳಾದವು. ಎಲ್ಲ ಕಡೆಯೂ ನೀರು ದೂರ, ಬಾಡಿಗೆಯ ಮನೆ, ಪರಿಚಯವಾಗುವಷ್ಟರಲ್ಲಿ ಬದಲಿಯ ಹುಕುಂ. ಈ ಹಳ್ಳಿಯಲ್ಲಿ ಮಾತ್ರ ಹಿತ್ತಿಲಲ್ಲೇ ಸಿಹಿನೀರಿನ ಬಾವಿ ಸಿಕ್ಕಿತ್ತು. ಬೆಳಿಗ್ಗೆ ಎದ್ದು ಹತ್ತು ಹೆಜ್ಜೆ ಹಾಕಿದರೆ ಕೊಡ ತುಂಬುತ್ತಿತ್ತು. ನಾನು ದಿನಾ ಆ ಬಾವಿಯ ಕಟ್ಟೆಗೂ ಒಂದು ಬೊಟ್ಟಿಡುತ್ತಿದ್ದೆ ಎಂದು ಬೇರೆ ಹೇಳಬೇಕಾಗಿಲ್ಲ.

ಹೀಗಿರುವಾಗ ಶಾಲೆಗಳ ತಪಾಸಣೆಗೆ ಬರುವ ದಿಪೋಟಿ ಸಾಹೇಬರು ಬಂದು, ಬಿಗರಿಯ ಕೋಣೆಯನ್ನು ನೋಡಿ, ಮೂಗು ಮುರಿದು ಹೋದರು. ಬರಿಯ ಗೋಡೆ, ಹರಿದ ಚಾಪೆ, ಒಂದೇ ಸಮನೆ ಮಗ್ಗಿ ಒದರುವ ಮಕ್ಕಳು. "ಮಳಿಗಾಲದಾಗ ಮತ್ತ ಬರ್ತೀನಿ, ಮಾಸ್ತರ. ಆಗೂ ಹಿಂಗ ಇದ್ದರ ನಿಮ್ಮನ್ನ ಖಾನಾಪುರದ ಅಡವಿ ಕಡೆ ಕಳಿಸ್ತೀನಿ" ಎಂದು ಹೇಳಿಯೂ ಹೋದರು. ಯಜಮಾನರು ಇದನ್ನು ನನಗೆ ಹೇಳಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಆ ರೊಟ್ಟಿಯನ್ನು ಎಷ್ಟು ತೆಳ್ಳಗೆ ಬಡಿದೆನೆಂದರೆ ಅದರಾಚೆ ಒಲೆಯ ಬೆಂಕಿ ಕಾಣುತ್ತಿತ್ತು.

ಮೇಲಿನವರು ಆಗ ಹೊಸ ಪದ್ಧತಿಯೊಂದನ್ನು ಕಲಿಸುತ್ತಿದ್ದರು. ಒಂದು ತಿಂಗಳು ಒಂದೇ ವಿಷಯ ಹಿಡಿಯಬೇಕು, ಓದು, ಎಣಿಕೆ, ಹಾಡು, ಚಿತ್ರ ಎಲ್ಲವೂ ಅದರ ಸುತ್ತಲೇ ತಿರುಗಬೇಕು, ಕೋಣೆಯೂ ಅದರಂತೆಯೇ ಸಿಂಗಾರವಾಗಬೇಕು. ಯಜಮಾನರು "ನಮ್ಮ ಹೊಲ" ಎಂಬ ವಿಷಯ ಆರಿಸಿದರು. ಆರಿಸಿದ್ದು ಅವರು, ಖಾಲಿಯಾದದ್ದು ನನ್ನ ಅಡುಗೆಮನೆ. ಬೀಜಕ್ಕೆಂದು ಕಟ್ಟಿಟ್ಟ ಜೋಳದ ತೆನೆ ಶಾಲೆಗೆ ಹೋಯಿತು. ಸೇರು, ಪಾವು, ಬುಟ್ಟಿ, ಕೊನೆಗೆ ಕಾಳು ಕೇರುವ ಮರವೂ ಹೋಯಿತು. ಮರವಿಲ್ಲದೆ ಜೋಳ ಹಸನು ಮಾಡುವುದು ಹೇಗೆ? ಒಂದು ದಿನ ಜೋಳವನ್ನು ಸೆರಗಿನಲ್ಲಿ ಕಟ್ಟಿಕೊಂಡು ಶಾಲೆಗೇ ಹೋದೆ. ಮೂಲೆಯಲ್ಲಿ ಕುಳಿತು ಕೇರತೊಡಗಿದರೆ ಯಜಮಾನರು ಬೆತ್ತದಿಂದ ನನ್ನನ್ನು ತೋರಿಸಿ, "ನೋಡ್ರಿ ಮಕ್ಕಳಾ, ಇದಕ್ಕ ಕೇರೂದು ಅಂತಾರ" ಎಂದು ಪಾಠವನ್ನೇ ಶುರು ಮಾಡಿದರು. ಮೂವತ್ತು ಮಕ್ಕಳು ನನ್ನ ಸುತ್ತ ನಿಂತು ನೋಡಿದರು. ಹಿಂದೆ ನಿಂತ ಒಂದು ಮಗು, "ನಮ್ಮವ್ವ ಇದಕಿಂತ ಛಲೋ ಕೇರ್ತಾಳ್ರಿ" ಎಂದಿತು.

ಗೋಡೆಗೆ ನಾನೇ ಸುಣ್ಣ ಬಳಿದು ಕೆಮ್ಮಣ್ಣಿನ ಅಂಚು ಬರೆದೆ. ಮಕ್ಕಳು ದಂಟಿನಿಂದ ಗುಡಿಸಲು ಕಟ್ಟಿದರು. ಕಿಟಕಿಯ ಕೆಳಗಿನ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಲು ಹೊಳೆಯ ದಂಡೆಯ ಕರಿಮಣ್ಣಿನಿಂದ ಐದು ಎತ್ತು ಮಾಡಿದರು. ಎಣಿಕೆಯ ಪಾಠವೆಲ್ಲ ಈ ಎತ್ತುಗಳ ಮೇಲೆಯೇ ನಿಂತಿತ್ತು. ಐದರಲ್ಲಿ ಎರಡು ನೀರು ಕುಡಿಯಲು ಹೋದರೆ ಕೊಟ್ಟಿಗೆಯಲ್ಲಿ ಎಷ್ಟು ಉಳಿದವು, ಹೀಗೆ. ಮಗು ತನ್ನ ಕೈಯಿಂದಲೇ ಎರಡನ್ನು ಎತ್ತಿಡಬೇಕು, ಉಳಿದದ್ದನ್ನು ಎಣಿಸಬೇಕು. ಯಜಮಾನರು ಈ ಪಾಠವನ್ನು ನಿದ್ದೆಯಲ್ಲಿಯೂ ಹೇಳುತ್ತಿದ್ದರು.

ಸಾಹೇಬರು ಶನಿವಾರ ಬರುವವರಿದ್ದರು. ಅದರ ಹಿಂದಿನ ಗುರುವಾರ ಮಣ್ಣೆತ್ತಿನ ಅಮಾವಾಸ್ಯೆ. ಶಾಲೆಗೆ ಸೂಟಿ. ಯಜಮಾನರು ನಕಾಶೆ ತರಲು ಹುಕ್ಕೇರಿಗೆ ಹೋಗಿದ್ದರು. ಮನೆಯ ಪೂಜೆ ಮುಗಿಸಿ, ಶಾಲೆಯ ಕೋಣೆಯನ್ನು ಒಮ್ಮೆ ಗುಡಿಸಿ ಬರೋಣವೆಂದು ಹೋದೆ. ಕೈಯಲ್ಲಿ ಪೂಜೆಯ ತಟ್ಟೆ ಯಾಕೆ ಇತ್ತೆಂದು ಕೇಳಬೇಡಿ, ಇತ್ತು. ಐದು ಎತ್ತುಗಳು ಸಾಲಾಗಿ ನನ್ನನ್ನೇ ನೋಡುತ್ತಿದ್ದವು. ಊರಿನ ಮನೆಮನೆಯಲ್ಲೂ ಇಂದು ಮಣ್ಣಿನ ಬಸವಣ್ಣನಿಗೆ ಹೋಳಿಗೆಯ ಎಡೆ, ಇವು ಮಾತ್ರ ಬರಿಹಣೆಯಲ್ಲಿ! ಮಕ್ಕಳಿಲ್ಲದ ಮನೆಯ ಹಬ್ಬದಂತೆ ಕಂಡಿತು. ವಿಭೂತಿ ಎಳೆದೆ, ಕುಂಕುಮ ಇಟ್ಟೆ, ಒಂದು ದೀಪ ಹಚ್ಚಿದೆ. ಅಷ್ಟೇ. ಹಿಂದೆ ತಿರುಗಿದರೆ ಬಾಗಿಲಲ್ಲಿ ಗಂಗವ್ವ ಕೈಮುಗಿದು ನಿಂತಿದ್ದಾಳೆ. ಗಂಗವ್ವ ನಮ್ಮ ಓಣಿಯ ಹಿರಿಯಳು. ಅವಳು ಹೂಂ ಅನ್ನದೆ ನಮ್ಮಲ್ಲಿ ಉಪ್ಪಿನಕಾಯಿಗೂ ಉಪ್ಪು ಬೀಳುವುದಿಲ್ಲ.

"ಯವ್ವಾ, ಸಾಲ್ಯಾಗ ಬಸವಣ್ಣ ಕುಂತಾನಲ್ಲವಾ! ನಮಗ ಒಂದ ಮಾತ ಹೇಳಬಾರದ?" ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ತನ್ನ ಮನೆಯಿಂದ ಹೋಳಿಗೆ ತರಲು ಹೊರಟಿದ್ದಳು. ಇಳಿಹೊತ್ತಿಗೆ ಅರ್ಧ ಊರಿನ ಹೆಂಗಸರು ಕಾಯಿ ಒಡೆಸಿಕೊಂಡು ಹೋದರು. ಹಲಗೆಯ ತುಂಬ ಹೂವು, ನೆಲದ ತುಂಬ ಇರುವೆ, ಜೋಳದ ತೆನೆಗಳ ಮೇಲೆ ಅರಿಷಿಣ. ಹೋಗುವ ಮುಂಚೆ ಗಂಗವ್ವ ಅಪ್ಪಣೆ ಕೊಡಿಸಿದಳು: "ಸೋಮವಾರ ಹೊಳಿಯಾಗ ಬಿಡೂತನಕ ಯಾರೂ ಮುಟ್ಟಬ್ಯಾಡ್ರಿ. ಪೂಜಿ ಆದ ಎತ್ತು ಅಲುಗಿಸಿದರ ಮನ್ಯಾಗಿನ ದನಕ್ಕ ಕೇಡು."

ಶುಕ್ರವಾರ ಬೆಳಿಗ್ಗೆ ಯಜಮಾನರು ನಕಾಶೆ ಹಿಡಿದು ಬಂದವರು ಕೋಣೆಯ ಬಾಗಿಲಲ್ಲೇ ನಿಂತರು. ಹೊರಗೆ ಮಕ್ಕಳ ಚಪ್ಪಲಿ ಸಾಲಾಗಿದ್ದವು. ಒಳಗೆ ಮಕ್ಕಳು ಎತ್ತಿನ ಮುಂದೆ ಕಣ್ಣುಮುಚ್ಚಿ ಕುಳಿತಿದ್ದರು.

"ಏನ ಮಾಡಿಟ್ಟೀ ಇದನ್ನ?" ಎಂದರು ಮೆಲ್ಲಗೆ.

"ಬರೇ ಬೊಟ್ಟ ಇಟ್ಟೇನ್ರೀ."

"ನಾಳಿ ಎಣಿಸೂದು ಯಾವುದನ್ನ? ಇರುವಿಗಳನ್ನ?"

ಹೊಸ ಎತ್ತು ಮಾಡಿಸೋಣವೆಂದರೆ ಮಳೆಯ ಹವೆಯಲ್ಲಿ ಮಣ್ಣು ಒಂದೇ ದಿನದಲ್ಲಿ ಒಣಗುವುದಿಲ್ಲ. ಅವರು ಮನೆಗೆ ಬಂದು ಅಟ್ಟದ ಮೇಲಿನ ಖಾಲಿ ಗೋಣಿಚೀಲಗಳನ್ನು ಒಮ್ಮೆ ನೋಡಿದರು. ಬದಲಿಯಾದಾಗಲೆಲ್ಲ ನಾವು ಪಾತ್ರೆ ಕಟ್ಟುವುದು ಅವುಗಳಲ್ಲೇ.

ಶನಿವಾರ ಸಾಹೇಬರು ಬಂದರು. ಅವರಿಗೆ ಚಹಾ ತಂದ ನೆಪದಲ್ಲಿ ನಾನು ಕಿಟಕಿಯ ಹೊರಗೆ ನಿಂತೆ. ಬಾಜೂದಲ್ಲಿ ಗಂಗವ್ವ, ಅವಳ ಹಿಂದೆ ಇನ್ನೂ ನಾಲ್ಕು ಜನ. ಸಾಹೇಬರು ಗೋಡೆ ನೋಡಿದರು, ತೆನೆ ನೋಡಿದರು, ಎತ್ತು ನೋಡಿದರು. ಮುಂದಿನ ಸಾಲಿನ ಕಲ್ಲವ್ವ ಎಂಬ ಆರು ವರ್ಷದ ಹುಡುಗಿಯನ್ನು ಎಬ್ಬಿಸಿದರು.

"ಐದು ಎತ್ತು ಅದಾವ. ಎರಡು ತಗದರ ಎಷ್ಟು ಉಳಿತಾವ?"

"ಐದರಿ."

"ಎರಡು ತಗದರ, ಅಂದೆ."

"ತಗಿಯಾಕ ಬರೂದಿಲ್ರಿ ಸಾಹೇಬ್ರ. ಪೂಜಿ ಆಗೇತಿ. ಸೋಮವಾರತನಕ ಐದ."

ಕಿಟಕಿಯಲ್ಲಿ ಗಂಗವ್ವ "ಶಾಣ್ಯಾ ಕೂಸು" ಎಂದಳು. ಸಾಹೇಬರು ಯಜಮಾನರ ಕಡೆ ತಿರುಗಿದರು. "ಮಾಸ್ತರ, ಇದು ಸಾಲಿಯೋ ಗುಡಿಯೋ?" ಯಜಮಾನರು ಗೋಡೆಯ ನಕಾಶೆಯನ್ನು ನೆಟ್ಟಗೆ ಮಾಡತೊಡಗಿದರು. ಸಾಹೇಬರು ಮತ್ತೆ ಹುಡುಗಿಯ ಕಡೆ ಬಗ್ಗಿದರು. "ಆತು. ಮುಟ್ಟಬ್ಯಾಡ. ನಿಂತಲ್ಲಿಂದ ಹೇಳು. ಐದು ಎತ್ತಿಗೆ ಕೊಂಬು ಎಷ್ಟು?"

ಕಲ್ಲವ್ವ ಬೆರಳು ಮಾಡಿ ಒಂದೊಂದಾಗಿ ಎಣಿಸಿದಳು. "ಒಂಬತ್ತರಿ."

ಯಜಮಾನರು ಕಣ್ಣು ಮುಚ್ಚಿದರು. ನನಗೆ ನಮ್ಮ ಪಾತ್ರೆ ಹೊತ್ತ ಚಕ್ಕಡಿ ಖಾನಾಪುರದ ದಾರಿ ಹಿಡಿದದ್ದು ಕಣ್ಣಿಗೆ ಕಟ್ಟಿತು.

"ಹತ್ತಲ್ಲೇನು? ಮತ್ತೊಮ್ಮೆ ಎಣಸು."

"ಒಂಬತ್ತ ಅದಾವ್ರಿ. ಆ ಮೂಲ್ಯಾಗಿನ ಎತ್ತಿಗಿ ಒಂದ ಕೊಂಬ ಐತ್ರಿ. ಬಗ್ಗಿ ನೋಡ್ರಿ."

ಸಾಹೇಬರು ಬೂಟು ಕಳಚಿ ಬಾಗಿಲಾಚೆ ಇಟ್ಟು ಬಂದರು. ಚಷ್ಮಾ ಏರಿಸಿಕೊಂಡು ಹಲಗೆಯ ಮುಂದೆ ಬಗ್ಗಿದರು. ಮೂಲೆಯ ಎತ್ತು ಗೋಡೆಯ ಕಡೆ ಮೋರೆ ಓರೆ ಮಾಡಿ ನಿಂತಿತ್ತು. ನೋಡಿದರು, ಎಣಿಸಿದರು, ಹೊಟ್ಟೆ ಹಿಡಿದು ನಕ್ಕರು.

"ಮಾಸ್ತರ, ಎಲ್ಲಾ ಸಾಲ್ಯಾಗೂ ಇಂಥಾದ್ದೊಂದು ಪ್ರಶ್ನಿ ಕೇಳ್ತೀನಿ. ಎಲ್ಲಾ ಹುಡುಗೂರೂ ಮುಂದಿಟ್ಟಿದ್ದನ್ನ ನೋಡದನ ಉತ್ತರ ಒದರ್ತಾವ. ನನ್ನ ಮಾರಿ ನೋಡಿ ಹೇಳ್ತಾವ. ಎತ್ತು ನೋಡಿ ಹೇಳಿದಾಕಿ ಈಕಿ ಒಬ್ಬಾಕಿ." ಶರಾ ಪುಸ್ತಕ ತರಿಸಿ, ಈ ವರ್ಗದ ಮಕ್ಕಳು ಕಣ್ಣಿಟ್ಟು ನೋಡಿ ಕಲಿಯುತ್ತಾರೆ, ಮಾಸ್ತರರನ್ನು ಇಲ್ಲಿಯೇ ಮುಂದುವರಿಸತಕ್ಕದ್ದು ಎಂದು ಬರೆದರು. ಕೆಳಗೆ ಇನ್ನೊಂದು ಸಾಲು: ಪಾಠ ಮುಗಿಯುವ ಮುನ್ನ ಪಾಠದ ಸಾಮಾನಿಗೆ ಪೂಜೆ ಮಾಡಬಾರದು. ನಾನು ಕೊಟ್ಟ ಚಹಾ ಆರಿ ಹೋಗಿತ್ತು, ಅದನ್ನೂ ಕುಡಿದರು. ದೇವರಂಥವರು.

ಸಾಹೇಬರ ಚಕ್ಕಡಿ ತಿರುವು ದಾಟಿದ್ದೇ ತಡ, ಗಂಗವ್ವ ಒಳಗೆ ನುಗ್ಗಿದಳು. ಮೂಲೆಯ ಎತ್ತನ್ನು ನೋಡಿ ಎದೆಗೆ ಕೈಯಿಟ್ಟುಕೊಂಡಳು. "ಅಯ್ಯ ಶಿವನ! ಭಿನ್ನ ಆಗೇತಲ್ಲ! ಅಮಾಸಿ ದಿನ ನಾ ಎಡಿ ಹಿಡದಾಗ ನೆಟ್ಟಗಿತ್ತು. ಆ ದಿಪೋಟಿ ಬಗ್ಗಿ ನೋಡಿದ್ದ ತಡ, ನಜರ ಬಡದು ಕೊಂಬ ಮುರೀತು ನೋಡ. ಏನ್ ಕೆಟ್ಟ ಕಣ್ಣು ಯವ್ವಾ ಅವನ್ದು!" ಕಲ್ಲವ್ವ ಅದಕ್ಕಿಂತ ಮುಂಚೆಯೇ ಒಂಬತ್ತು ಎಂದಿದ್ದಳೆಂದು ಯಾರಿಗೂ ನೆನಪಾಗಲಿಲ್ಲ. ಹೆಂಗಸರೆಲ್ಲ ನನ್ನ ಕಡೆ ನೋಡಿದರು. ನಾನೂ ಹೌದೆಂದು ತಲೆಯಾಡಿಸಿದೆ.

ಆ ಕೊಂಬು ಆಗ ನನ್ನ ಸೆರಗಿನ ಗಂಟಿನಲ್ಲಿತ್ತು. ಅಮಾವಾಸ್ಯೆಯ ದಿನ ಕುಂಕುಮ ಇಡುವಾಗ ನನ್ನ ಬಳೆ ತಾಗಿ ಅದು ಪಟಕ್ಕನೆ ಮುರಿದಿತ್ತು. ಗಂಗವ್ವನ ಹೆಜ್ಜೆಯ ಸಪ್ಪಳ ಕೇಳಿಸಿತೆಂದು ಎತ್ತನ್ನು ಗೋಡೆಗೆ ತಿರುಗಿಸಿ ಬಿಟ್ಟಿದ್ದೆ. ಭಿನ್ನವಾದದ್ದಕ್ಕೆ ಪೂಜೆ ಸಲ್ಲುವುದಿಲ್ಲ ಎಂಬುದು ನನಗೂ ಗೊತ್ತಿದ್ದದ್ದೇ. ಆಗಲೇ ಬಾಯಿ ಬಿಟ್ಟಿದ್ದರೆ ಊರಿನ ಕಾಯಿಗಳೂ ಉಳಿಯುತ್ತಿದ್ದವು, ಮಾಸ್ತರರ ಪಾಠವೂ ಉಳಿಯುತ್ತಿತ್ತು. ಹಾಗೆ ಉಳಿದಿದ್ದರೆ ಕಲ್ಲವ್ವ ಮೂರು ಎಂದು ಹೇಳಿ ಕುಳಿತುಬಿಡುತ್ತಿದ್ದಳು, ನಾವು ಎಲ್ಲಿರುತ್ತಿದ್ದೆವೋ ಶಿವನೇ ಬಲ್ಲ. ಇದನ್ನು ನೆನೆದು ನಾನು ದಿನವೂ ಅವನಿಗೆ ಎರಡು ಬಾರಿ ಕೈಮುಗಿಯುತ್ತೇನೆ, ಒಂದು ಉಪಕಾರಕ್ಕೆ, ಇನ್ನೊಂದು ತಪ್ಪಿಗೆ.

ಸಾಹೇಬರು ಈಗಲೂ ವರ್ಷಕ್ಕೊಮ್ಮೆ ಬರುತ್ತಾರೆ. ಅವರು ಬರುವ ಸುದ್ದಿ ತಿಳಿದರೆ ಸಾಕು, ಊರಿನ ಹೆಂಗಸರೆಲ್ಲ ತಮ್ಮ ಎಮ್ಮೆಗಳನ್ನು ಒಳಗೆ ಕಟ್ಟಿ ಬಾಗಿಲು ಹಾಕುತ್ತಾರೆ. ನಾನೂ ಕಟ್ಟುತ್ತೇನೆ. ನಾನೊಬ್ಬಳು ಕಟ್ಟದಿದ್ದರೆ ಗಂಗವ್ವನಿಗೆ ಸಂಶಯ ಬಂದೀತು.