ಗಾಜಿನ ಲಿಫ್ಟಿನಲ್ಲಿ ಸೋದರಮಾವ

ನನ್ನ ಮಾತು ಕೇಳಿ, ಮದುವೆಯ ತರಕಾರಿಯನ್ನು ಹೋಟೆಲಿನವರ ಕೈಗೆ ಬಿಡಲೇಬೇಡಿ. ಗುಂಡ್ಲುಪೇಟೆಯಿಂದ ಬರಿಗೈಲಿ ಬಂದು ಮಸಿನಗುಡಿಯಲ್ಲಿ ತರಕಾರಿ ಮಂಡಿ ಇಟ್ಟವನು ನಾನು. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಇಡೀ ನೀಲಗಿರಿಯಲ್ಲಿ ಒಬ್ಬರೇ. ಅವರನ್ನು ಮದುವೆಯಾಗಿದ್ದೇನೆ.

ಅಕ್ಕನ ಮಗಳು ಸುಮಾಳ ಮದುವೆ ಊಟಿಯ ಹೋಟೆಲೊಂದರಲ್ಲಿ. ಮಾರ್ಕೆಟ್ಟಿನಲ್ಲಿ ನಾನೇ ಆರಿಸಿದ ಮೂರು ಮೂಟೆ ಕ್ಯಾರೆಟ್ಟಿನೊಂದಿಗೆ ಬಂದಿಳಿದೆ. ಅಡುಗೆಮನೆ, ಮಂಟಪ ಎರಡೂ ಮೇಲಿನ ಮಹಡಿಯಲ್ಲಿ. ಮುಹೂರ್ತ ಹತ್ತಿರ. ಹೆಣ್ಣನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದ ಸೋದರಮಾವ ನಾನೇ!

"ಸಾಮಾನು ಹಿಂದಿನ ಲಿಫ್ಟಲ್ಲಿ ಸಾರ್" ಎಂದ ವಾಚ್‌ಮನ್.

ಎದುರಿಗೇ ಗಾಜಿನ ಲಿಫ್ಟು ಬಾಯಿ ತೆರೆದಿರುವಾಗ ಕಟ್ಟಡ ಸುತ್ತುವುದೇ? 'ನಾಲ್ಕು ಜನ' ಎಂದು ಬರೆದಿತ್ತು. ನಾನು, ಹೆಂಡತಿ ಮಂಜುಳಾ, ಇಬ್ಬರು. ಕ್ಯಾರೆಟ್ಟು ಜನವಲ್ಲ! ಮೂಟೆಗಳನ್ನು ಒಳಗೆಳೆದೆ. ಲಿಫ್ಟು 'ಪೀಂ' ಎಂದು ಅರಚಿತು.

"ಭಾರ ಜಾಸ್ತಿ ಆಯ್ತು ರೀ."

"ಲಿಫ್ಟಿಗೆ ಗೊತ್ತಾಗೋದು ನೆಲದ ಮೇಲಿನ ಭಾರ ಮಾತ್ರ ಕಣೇ" ಎಂದು ಸಣ್ಣ ಮೂಟೆಯನ್ನು ತಲೆಗೇರಿಸಿದೆ. ಮೂಟೆ ಕಣ್ಣಿಗೆ ಅಡ್ಡ ಬಂತು. ಆದರೇನು, ಅರಚಾಟ ನಿಂತಿತು! ಲಿಫ್ಟು ಏರಿತು. ವಿಜ್ಞಾನಕ್ಕೆ ನನ್ನ ಕೊಡುಗೆ ಎಂದು ಬೀಗಿದೆ.

ನಡುದಾರಿಯಲ್ಲಿ ಗಡಗಡ ಅಂದು ನಿಂತೇಬಿಟ್ಟಿತು.

ಮಂಜುಳಾ ಎಮರ್ಜೆನ್ಸಿ ಗುಂಡಿ ಒತ್ತಿದಳು. "ಮೆಕ್ಯಾನಿಕ್ ಬರೋಕೆ ಅರ್ಧ ಗಂಟೆ" ಎಂದಿತು ಒಂದು ದನಿ.

"ಹತ್ತು ನಿಮಿಷ ಮಾಡ್ಕೊಳ್ಳಿ!"

"ಇಪ್ಪತ್ತೈದು."

"ಹದಿನೈದಕ್ಕೆ ಮುಗಿಸಿ!"

ಚೌಕಾಸಿ ಮುಗಿಯಿತು. ಮೆಕ್ಯಾನಿಕ್ ಬಂದದ್ದು ಮಾತ್ರ ಅರ್ಧ ಗಂಟೆಗೇ.

ಅಲ್ಲಿಯವರೆಗೂ ಮೂಟೆ ಇಳಿಸುವ ಧೈರ್ಯ ನನಗಿಲ್ಲ. ಇಳಿಸಿದರೆ ನೆಲಕ್ಕೆ ಭಾರ, ಹಗ್ಗ ಕಡಿದು ಇಬ್ಬರೂ ಪಾತಾಳಕ್ಕೆ! ಅಷ್ಟರಲ್ಲಿ ಹೊರಗೆ ಮಂಜು ಸರಿಯಿತು. ಮೂಟೆಯನ್ನು ಕೊಂಚ ಹಿಂದಕ್ಕೆ ಜರುಗಿಸಿ ನೋಡಿದೆ. ಅಬ್ಬಾ! ದೊಡ್ಡಬೆಟ್ಟ ಗಾಜಿಗೆ ಮೂಗೊತ್ತಿ ನನ್ನನ್ನೇ ನೋಡುತ್ತಿದೆ. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕ್ಯಾರೆಟ್ ಹೊಲ, ಅದರಾಚೆ ಚಹಾತೋಟ, ಅದರಾಚೆ ಬರೀ ನೀಲಿ. ಇಷ್ಟು ವರ್ಷ ಈ ಬೆಟ್ಟದಿಂದ ಇಳಿಯುವ ಲಾರಿಗಳನ್ನಷ್ಟೇ ನೋಡಿದ್ದೆ. ಬೆಟ್ಟ ನೋಡಿದ್ದು ಅವತ್ತೇ. ಬೆಲೆ ಕೇಳಲು ಬಾಯಿ ಬರಲಿಲ್ಲ!

"ಕೆಳಗೆ ಜನ ಕೈ ಮುಗೀತಿದಾರೆ ರೀ" ಎಂದಳು ಮೂಟೆಯ ಮೇಲೆ ಆರಾಮಾಗಿ ಕೂತು ಕ್ಯಾರೆಟ್ ಕಡಿಯುತ್ತಿದ್ದ ಮಂಜುಳಾ. "ಗಂಡಿನ ಕಡೆಯವರು ತಮಿಳರಲ್ವಾ? ಸೋದರಮಾವ ಸೀರು, ಅದೇ ತವರಿನ ಉಡುಗೊರೆ, ತಲೆ ಮೇಲೆ ಹೊತ್ಕೊಂಡು ಬರ್ತಿದಾನೆ ಅಂದ್ಕೊಂಡಿರ್ಬೇಕು."

ಹೋಟೆಲಿನ ಬಾಗಿಲಲ್ಲಿದ್ದ ನಾದಸ್ವರದವರೂ ಲಿಫ್ಟಿನತ್ತ ತಿರುಗಿ ಊದತೊಡಗಿದರು. ಆಕಾಶದಲ್ಲಿ ನಾನು, ಸುತ್ತಲೂ ಬೆಟ್ಟ, ಕೆಳಗೆ ವಾದ್ಯ! ಮೈ ಜುಮ್ಮೆಂದಿತು. ಕುತ್ತಿಗೆಯೂ.

ಕೊನೆಗೆ ಲಿಫ್ಟು ಮೇಲೇರಿ ಬಾಗಿಲು ತೆರೆಯಿತು. ಎದುರಿಗೆ ವಾಚ್‌ಮನ್, ಪಕ್ಕದಲ್ಲಿ ನಮ್ಮದೇ ಒಂದು ಮೂಟೆ!

"ಪೀಂ ಅಂದಾಗ ಇದನ್ನ ನಾನೇ ಹೊರಗೆ ಎಳ್ಕೊಂಡೆ ಸಾರ್. ಹಿಂದಿನ ಲಿಫ್ಟಲ್ಲಿ ಆಗಲೇ ತಂದಾಯ್ತು."

ಮಂಜುಳಾ ಕಡೆ ತಿರುಗಿದೆ. "ನಿಂಗೆ ಗೊತ್ತಿತ್ತಾ?"

"ಹೂಂ."

"ಹೇಳೋದಲ್ವಾ?"

"ಮದುವೆಯಾದಾಗಿಂದ ಮೊದಲನೇ ಸಲ ಇಷ್ಟು ಹೊತ್ತು ಸುಮ್ಮನೆ ನಿಂತಿದ್ರಿ. ಕೆಡಿಸೋಕೆ ಮನಸ್ಸಾಗ್ಲಿಲ್ಲ."

ಮೂಟೆಯನ್ನು ಯಾರೋ ಇಳಿಸಿದರು. ಕೈಗಳು ಇಳಿಯಲಿಲ್ಲ. ಮರಗಟ್ಟಿ ಮೇಲೆಯೇ ನಿಂತಿದ್ದವು. ಪುರೋಹಿತರು "ಮುಹೂರ್ತ ಮೀರ್ತಿದೆ, ಸೋದರಮಾವ ಎಲ್ಲಿ?" ಎಂದು ಕೂಗುತ್ತಿದ್ದರು.

ಸುಮಾ ಓಡಿ ಬಂದಳು. "ಬಾ ಮಾವ" ಎಂದು ನನ್ನ ಶಲ್ಯದ ತುದಿ ಹಿಡಿದು ನಡೆದಳು. ಎರಡೂ ಕೈ ಮೇಲೆತ್ತಿಕೊಂಡು ನಾನು ಹಿಂದೆ. ಹೀಗೆ, ಹೆಣ್ಣೇ ಸೋದರಮಾವನನ್ನು ಮಂಟಪಕ್ಕೆ ಕರೆತಂದಳು.

ನಾನು ಆಶೀರ್ವಾದ ಮಾಡುತ್ತಿದ್ದೇನೆ ಎಂದುಕೊಂಡು ಗಂಡಿನ ಕಡೆಯವರೆಲ್ಲ ಸಾಲಾಗಿ ತಲೆಬಾಗಿದರು.