ನಲವತ್ತೇಳು ಕರೆದದ್ದನ್ನು ನಾವೆಲ್ಲ ಕೇಳಿದ್ದೇವೆ

ಮಕ್ಕಳನ್ನು ಸುಮ್ಮನಿರಿಸುವುದೇ ಉದ್ಯೋಗವಾಗಿರುವವರು ಒಂದು ಕಡೆ ಸೇರಿದರೆ ಎಷ್ಟು ಗಲಾಟೆ ಮಾಡಬಲ್ಲರು ಎಂಬುದು ಕಣ್ಣಾರೆ ನೋಡದವರಿಗೆ ತಿಳಿಯುವುದಿಲ್ಲ. ನಮ್ಮ ಗುಂಪಿನಲ್ಲಿ ಏನೂ ಆಗದೆ ಮುಗಿದ ಸಂಜೆ ಒಂದೂ ನನಗೆ ನೆನಪಿಲ್ಲ.

ಹೊಸೂರು, ಉದ್ದನಪಲ್ಲಿ, ಡೆಂಕಣಿಕೋಟೆ ಸುತ್ತಿನ ಶಾಲೆಗಳ ಮೇಷ್ಟ್ರುಗಳು, ಟೀಚರುಗಳು ತಿಂಗಳಿಗೊಂದು ಶನಿವಾರ ಸಂಜೆ ಹೊಸೂರು ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನ ಮಹಡಿಯಲ್ಲಿ ಸೇರಿ ತಂಬೋಲ ಆಡುತ್ತೇವೆ. ಆಟ ಸುಲಭ. ಪ್ರತಿಯೊಬ್ಬರ ಕೈಯಲ್ಲೂ ನಂಬರುಗಳಿರುವ ಒಂದು ಟಿಕೆಟ್. ಒಬ್ಬರು ಚೀಲದಿಂದ ಬಿಲ್ಲೆ ತೆಗೆದು ನಂಬರ್ ಕರೆಯುತ್ತಾರೆ, ನಮ್ಮಲ್ಲಿದ್ದರೆ ಹೊಡೆದು ಹಾಕುತ್ತೇವೆ. ಸಾಲು ತುಂಬಿದರೆ ಒಂದು ಬಹುಮಾನ, ಟಿಕೆಟ್ ಪೂರ್ತಿ ತುಂಬಿದರೆ ದೊಡ್ಡ ಬಹುಮಾನ. ಆದರೆ ತುಂಬಿದ ತಕ್ಷಣ, ಮುಂದಿನ ನಂಬರ್ ಕರೆಯುವ ಮೊದಲೇ, ಕೂಗಿ ಆಟ ನಿಲ್ಲಿಸಬೇಕು. ಕೂಗದಿದ್ದರೆ ಬಹುಮಾನ ಹೋಯಿತು.

ನನ್ನ ದನಿ ಮೂರನೇ ಬೆಂಚಿನವರೆಗೆ ಮಾತ್ರ ಹೋಗುತ್ತದೆ.

ಮೂರು ಭಾಷೆಯ ಪರೀಕ್ಷೆ

ನಂಬರ್ ಕರೆಯುವವರು ನಮ್ಮ ಹಳೆಯ ಹೆಡ್‌ಮಾಸ್ಟರು. ರಿಟೈರಾಗಿದ್ದಾರೆ, ಆದರೆ ಅದನ್ನು ಅವರಿನ್ನೂ ಒಪ್ಪಿಕೊಂಡಿಲ್ಲ. ಕಾಪಿ ಚೀಟಿ ಹಿಡಿಯುವುದರಲ್ಲಿ ಸುತ್ತಮುತ್ತ ಹೆಸರಾದವರು. ಕಾಲುಚೀಲ, ಕಾಲರಿನ ಮಡಿಕೆ, ಕಂಪಾಸ್ ಬಾಕ್ಸಿನ ತಳ, ಎಲ್ಲಿ ಬಚ್ಚಿಟ್ಟಿದ್ದರೂ ನೇರ ಅಲ್ಲಿಗೇ ಕೈ ಹಾಕುತ್ತಿದ್ದರು. ತಂಬೋಲವನ್ನೂ ಅವರು ಪಬ್ಲಿಕ್ ಪರೀಕ್ಷೆಯ ಹಾಗೆಯೇ ನಡೆಸುತ್ತಾರೆ. ಅವರ ಎದುರು ನಾವೂ ಮಕ್ಕಳಾಗಿಬಿಡುತ್ತೇವೆ. ಕೂದಲು ನರೆತ ಪಿ.ಟಿ. ಮೇಷ್ಟ್ರು ಕೂಡ ಕಿರುಬೆರಳೆತ್ತಿ ಒಪ್ಪಿಗೆ ಪಡೆದೇ ಹೊರಗೆ ಹೋಗುವುದು.

ಹೆಡ್‌ಮಾಸ್ಟರು ಗಡಿ ಸೀಮೆಯ ಮೂರೂ ಭಾಷೆಯವರಿಗೆ ತಿಳಿಯಲೆಂದು ಪ್ರತಿ ನಂಬರನ್ನೂ ಮೊದಲು ಕನ್ನಡದಲ್ಲಿ, ಆಮೇಲೆ ತಮಿಳಿನಲ್ಲಿ, ಕೊನೆಗೆ ತೆಲುಗಿನಲ್ಲಿ ಕರೆಯುತ್ತಾರೆ. ಒಮ್ಮೆ ಅವರ ಹೆಂಡತಿಗೆ, ಅವರೂ ಟೀಚರಾಗಿದ್ದವರೇ, ಒಂದು ಸಾಲು ತುಂಬಿತು. ಕನ್ನಡದಲ್ಲಿ ಕೇಳಿದ ಕೂಡಲೇ ಕೂಗಿಬಿಟ್ಟರು.

"ಇದು ಲೆಕ್ಕಕ್ಕಿಲ್ಲ," ಅಂದರು ಹೆಡ್‌ಮಾಸ್ಟರು. "ಪ್ರಶ್ನೆ ಪೂರ್ತಿ ಓದೋಕೆ ಮುಂಚೆ ಉತ್ತರ ಬರೀಬಾರದು. ತಮಿಳು, ತೆಲುಗು ಇನ್ನೂ ಬಾಕಿ ಇತ್ತು."

ಅವರ ಹೆಂಡತಿ ಟಿಕೆಟನ್ನು ನಿಧಾನವಾಗಿ ನಾಲ್ಕು ಮಡಿಕೆ ಮಾಡಿ ಹೇಳಿದರು, "ಸರಿ. ಮನೆಗೆ ಬನ್ನಿ. ಮೂರೂ ಭಾಷೇಲಿ ಉತ್ತರ ಕೊಡ್ತೀನಿ."

ಪಕ್ಕದ ಹಾಲಿನ ನಿಶ್ಚಿತಾರ್ಥ

ಗುಂಪಿನಲ್ಲಿ ಮೇಷ್ಟ್ರಲ್ಲದವರು ನಮ್ಮ ಮನೆಯವರೊಬ್ಬರೇ. ಒಂದು ಕಾರ್ಖಾನೆಯಲ್ಲಿ ಪ್ರೆಸ್ ಮಷೀನಿನ ಮುಂದೆ ಕೆಲಸ. ಆ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವರ ಗಂಟಲು ಮನೆಯಲ್ಲೂ ಇಳಿಯುತ್ತಿರಲಿಲ್ಲ. ಆಟದಲ್ಲಿ ನಮಗೊಂದು ಏರ್ಪಾಡಿತ್ತು. ನನ್ನ ಸಾಲು ತುಂಬಿದರೆ ನಾನು ಮೊಣಕೈಯಿಂದ ಅವರನ್ನು ತಿವಿಯುವುದು, ಅವರು ಕೂಗುವುದು. ಅವರ ಕೂಗು ಯಾವಾಗಲೂ ಒಂದೇ: "ನಿಲ್ಸೀ ಸಾ!"

ಒಂದು ಸಂಜೆ ಪಕ್ಕದ ಹಾಲಿನಲ್ಲಿ ನಿಶ್ಚಿತಾರ್ಥ. ನಡುವೆ ಪ್ಲೈವುಡ್ ಗೋಡೆ ಮಾತ್ರ. ಮದುವೆ ಕೃಷ್ಣಗಿರಿಯಲ್ಲೋ ಹೊಸೂರಲ್ಲೋ ಎಂದು ಎರಡೂ ಕಡೆಯವರಿಗೆ ಜಗಳ ಹತ್ತಿ, ದನಿ ಏರುತ್ತಾ ಹೋಗಿ, ಕುರ್ಚಿ ಸರಿಯುವ ಸದ್ದೂ ಕೇಳಿಸಿತು. ಅದೇ ಹೊತ್ತಿಗೆ ನನ್ನ ಮೇಲಿನ ಸಾಲು ತುಂಬಿತು. ತಿವಿದೆ.

"ನಿಲ್ಸೀ ಸಾ!"

ಇಲ್ಲಿ ಆಟ ನಿಂತಿತು. ಅಲ್ಲಿ ಜಗಳವೂ ನಿಂತಿತು. ಯಾರೋ ದೊಡ್ಡವರಿಗೆ ಸಿಟ್ಟು ಬಂತು ಎಂದು ಹುಡುಗಿ ಕಡೆಯವರೂ ಅಂದುಕೊಂಡರು, ಹುಡುಗನ ಕಡೆಯವರೂ ಅಂದುಕೊಂಡರು. ಸ್ವಲ್ಪ ಹೊತ್ತಿಗೆ ಒಬ್ಬ ಹಿರಿಯರು ಮೈಸೂರು ಪಾಕಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತರು. "ನಿಲ್ಸಿ ಅಂದ ಯಜಮಾನ್ರು ಯಾರು? ತಾಂಬೂಲದ ತಟ್ಟೆ ಬದಲಾಯಿಸೋವಾಗ ಅವರು ಬಂದು ಮುಂದೆ ಕೂತ್ಕೋಬೇಕು."

ನಮ್ಮವರು ಹೋಗಿ ಕೂತೂಬಿಟ್ಟರು. ಹೆಗಲ ಮೇಲೆ ಹೊಸ ಶಾಲು ಹೊದ್ದು ವಾಪಸ್ ಬಂದು ನನ್ನ ಬಹುಮಾನ ನೋಡಿದರು. ಟೀ ಜರಡಿ. "ಆಡಿದೋಳಿಗೆ ಜರಡಿ, ಕೂಗಿದೋನಿಗೆ ಶಾಲು," ಅಂದರು. "ಇನ್ಮೇಲೆ ಟಿಕೆಟ್ ತಗೋಬೇಡ ಕಣೇ, ಸುಮ್ಮನೆ ತಿವೀತಾ ಇರು."

ರಾಗಿ ಹೊಲದ ಪಕ್ಕ

ಒಂದು ತಿಂಗಳು ಹೋಟೆಲಿನ ಹಾಲ್ ಸಿಗಲಿಲ್ಲ. ಪಿ.ಟಿ. ಮೇಷ್ಟ್ರ ಮನೆ ಡೆಂಕಣಿಕೋಟೆಯ ಆಚೆ, ಹೊಲಗಳ ನಡುವೆ. ಅವರ ತಾರಸಿಯ ಮೇಲೆ ಸೇರಿದೆವು. ಸುತ್ತ ತೆನೆ ಬಲಿತ ರಾಗಿ. ರಾಗಿ ಬಲಿತ ಸುದ್ದಿ ಆ ಕಡೆ ಮೊದಲು ತಿಳಿಯುವುದು ಆನೆಗಳಿಗೆ.

ಹೊತ್ತು ಮುಳುಗುವ ಮುಂಚೆ ಆಟ ಬಿಸಿಯೇರಿತ್ತು. ನಮ್ಮವರು "ನಿಲ್ಸೀ ಸಾ!" ಅಂದರು. ಯಾರೋ ಅದು ತಪ್ಪು ಸಾಲು ಅಂದರು. ಎಲ್ಲರೂ ಒಟ್ಟಿಗೆ ಕಿರುಚಿದರು. ಆಗ ಪಕ್ಕದ ಹೊಲದಿಂದ ತಟ್ಟೆ ಬಡಿಯುವ ಸದ್ದು. ಅದರಾಚೆಯ ಹೊಲದಿಂದ ತಮಟೆ. ಇನ್ನೊಂದು ಕಡೆಯಿಂದ ಪಟಾಕಿ. ನಾವು ಆನೆ ಬಂತೆಂದು ತಿಳಿದು ತಾರಸಿಯ ಬಾಗಿಲು ಹಾಕಿಕೊಂಡೆವು. ಹೊಲದವರು, ಮೇಷ್ಟ್ರ ಮನೆ ಹತ್ತಿರ ಆನೆ ಬಂದಿದೆ, ಅದಕ್ಕೇ ಇಷ್ಟು ಕಿರುಚಾಟ ಎಂದು ತಿಳಿದಿದ್ದರು. ಆನೆ ಎಲ್ಲೂ ಇರಲಿಲ್ಲ.

ಬೈಸಿಕೊಳ್ಳಲು ನಾವು ತಯಾರಾಗಿದ್ದೆವು. ಬಂದ ರೈತರು ಬೈಯಲಿಲ್ಲ. ಅವರಲ್ಲಿ ಒಬ್ಬರು ನಮ್ಮವರನ್ನು ಮೇಲಿಂದ ಕೆಳಗೆ ನೋಡಿ ಪಿ.ಟಿ. ಮೇಷ್ಟ್ರಿಗೆ ಹೇಳಿದರು:

"ಮೇಷ್ಟ್ರೇ, ನಮ್ಮ ತಮಟೆಗೆ ಆನೆ ಹೆದರೋದು ಬಿಟ್ಟು ಬೋ ದಿನ ಆಯ್ತು. ಈ ಅಣ್ಣನ್ನ ರಾಗಿ ಕುಯ್ಯೋಗಂಟ ಇಲ್ಲೇ ಬಿಟ್ಬುಟ್ಟು ಹೋಗ್ತೀರಾ? ಊಟ ನಮ್ದೇ."

ವಿಸಿಲ್

ಹೋದ ವರ್ಷ ನಮ್ಮ ಮನೆಯವರು ಜ್ವರವೆಂದು ಆಸ್ಪತ್ರೆಗೆ ಸೇರಿದವರು ಮನೆಗೆ ಬರಲಿಲ್ಲ. ಅದನ್ನು ಇಲ್ಲಿ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸುತ್ತದೆ ಎಂಬುದು ನನಗೆ ಆಮೇಲೆ ಗೊತ್ತಾಯಿತು.

ನಮ್ಮ ಶಾಲೆಯ ತಮಿಳು ಟೀಚರ್ ನನಗಿಂತ ಚಿಕ್ಕವಳು. ತಂಬೋಲದ ಶನಿವಾರ ಬಂದರೆ ಸ್ಕೂಟರ್ ತಂದು ಗೇಟಿನ ಮುಂದೆ ನಿಲ್ಲಿಸಿ ಹಾರನ್ ಹೊಡೆಯುತ್ತಿದ್ದಳು. "ಅಕ್ಕಾ, ಆಡಬೇಡಿ. ಬಜ್ಜಿ ತಿನ್ನಿ, ಸಾಕು." ಬರುವುದಿಲ್ಲವೆಂದು ಎಷ್ಟು ಸಲ ಹೇಳಿದರೂ ಮತ್ತೆ ಬಂದಳು. ಕೊನೆಗೆ ಹೋದೆ. ಬಜ್ಜಿ ತಿಂದೆ. ಆಡಿದೆ ಕೂಡ.

ಆದರೆ ಸಾಲು ತುಂಬಿದಾಗ ನನಗೆ ಕೂಗಲಾಗಲಿಲ್ಲ. ತರಗತಿಯ ಅಭ್ಯಾಸದಿಂದ ಬೆರಳೆತ್ತಿ ಕೂತೆ. ಹೆಡ್‌ಮಾಸ್ಟರು ನೋಡುವಷ್ಟರಲ್ಲಿ ಮುಂದಿನ ನಂಬರ್ ಕರೆದಾಗಿತ್ತು. ಇನ್ನು ಮೇಲೆ ಅಕ್ಕನ ಪರವಾಗಿ ತಾನು ಕೂಗುತ್ತೇನೆ ಎಂದಳು ತಮಿಳು ಟೀಚರ್.

"ಒಬ್ಬರ ಉತ್ತರ ಇನ್ನೊಬ್ಬರು ಹೇಳೋ ಹಂಗಿಲ್ಲ," ಅಂದರು ಹೆಡ್‌ಮಾಸ್ಟರು.

"ಅಣ್ಣ ಕೂಗ್ತಿದ್ರಲ್ಲಾ ಸಾರ್?"

"ಅದು ಬೇರೆ. ಒಂದೇ ರೇಷನ್ ಕಾರ್ಡು."

ತಿಂಗಳು ತಿಂಗಳೂ ಹೀಗೇ ಆಯಿತು. ಪಿ.ಟಿ. ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಕೊರಳಿನ ವಿಸಿಲ್ ತೆಗೆದು ನನ್ನ ಮುಂದಿಟ್ಟರು. "ಕೂಗೋದೇ ಬೇಡ ಟೀಚರ್, ಊದಿ."

ಸಾಲು ತುಂಬಿತು. ಕಿಟಕಿಯ ಪಕ್ಕ ಕೂತಿದ್ದವಳು ಎರಡು ಸಲ ಊದಿದೆ. ನಮ್ಮ ಕಡೆ ಬಸ್ಸಿಗೆ ಕಂಡಕ್ಟರ್ ಎರಡು ವಿಸಿಲ್ ಹೊಡೆದರೆ ಹೊರಡು ಎಂದರ್ಥ. ಕಿಟಕಿಯ ಕೆಳಗೆ ನಿಂತಿದ್ದ ಟೌನ್ ಬಸ್ ಹೊರಟುಹೋಯಿತು. ಕಂಡಕ್ಟರ್ ಟೀ ಅಂಗಡಿಯಲ್ಲಿದ್ದರು.

ಡ್ರೈವರು ಸಿಗ್ನಲ್ಲಿನಲ್ಲಿ ತಿರುಗಿ ನೋಡಿದ್ದರಿಂದ ಬಸ್ ದೂರ ಹೋಗಲಿಲ್ಲ. ಆದರೆ ಕಂಡಕ್ಟರ್ ಟೀ ಗ್ಲಾಸ್ ಸಮೇತ ಮಹಡಿ ಹತ್ತಿ ಬಂದರು. "ಯಾರುಂಗ ವಿಸಿಲ್ ಅಡಿಚ್ಚದು?"

ಯಾರು ವಿಸಿಲ್ ಹೊಡೆದದ್ದೆಂದು ಕೇಳಿದರೆ ಅಷ್ಟೂ ಜನ ಮೇಷ್ಟ್ರು, ಟೀಚರು, ನಮ್ಮ ಮಕ್ಕಳು ಮಾಡುವ ಹಾಗೆಯೇ ತಲೆ ತಗ್ಗಿಸಿ ನೆಲ ನೋಡಿದರು. ನಾನು ಏಳುವಷ್ಟರಲ್ಲಿ ಪಿ.ಟಿ. ಮೇಷ್ಟ್ರು ಎದ್ದು ನಿಂತು ತಪ್ಪೊಪ್ಪಿಕೊಂಡರು. ಕಂಡಕ್ಟರ್ ಅವರ ನರೆಗೂದಲು ನೋಡಿ ಬೈಗುಳ ನುಂಗಿಕೊಂಡು ತಮಿಳಿನಲ್ಲೇ ಕೇಳಿದರು: "ನಿಮ್ಮ ಮೇಷ್ಟ್ರು ಇಷ್ಟೂ ಕಲಿಸ್ಲಿಲ್ವಾ?"

ಎರಡು ಟಿಕೆಟ್

ಈ ಸಲ ಟಿಕೆಟ್ ಹಂಚುತ್ತಿದ್ದವಳು ತಮಿಳು ಟೀಚರ್. ಹಳೆಯ ರೂಢಿಯಲ್ಲಿ ನನಗೊಂದು, ನಮ್ಮವರಿಗೊಂದು ಎಂದು ಎರಡು ಹರಿದಳು. ಹರಿದ ಮೇಲೆ ಕೈ ಅಲ್ಲೇ ನಿಂತಿತು.

"ಎರಡೂ ಕೊಡು," ಅಂದೆ.

ಒಂದನ್ನು ನನ್ನ ಮುಂದೆ, ಇನ್ನೊಂದನ್ನು ಅದರ ಪಕ್ಕ ಇಟ್ಟುಕೊಂಡು ಎರಡನ್ನೂ ನಾನೇ ಹೊಡೆಯುತ್ತಾ ಹೋದೆ. ನನ್ನ ಟಿಕೆಟಿನಲ್ಲಿ ಕೊನೆಗೆ ಉಳಿದದ್ದು ಒಂದೇ ನಂಬರ್, ನಲವತ್ತೇಳು. ಹೆಡ್‌ಮಾಸ್ಟರು ಮೂರೂ ಭಾಷೆಯಲ್ಲಿ ಕರೆದು ಮುಗಿಸಿದರು. ಹೊಡೆದೆ. ಟಿಕೆಟ್ ತುಂಬಿತು. ಮೊಣಕೈ ತಾನಾಗಿ ಪಕ್ಕಕ್ಕೆ ಹೋಯಿತು. ಪಕ್ಕದ ಕುರ್ಚಿ ಖಾಲಿ.

"ನಿಲ್ಸೀ ಸಾ!"

ಕೂಗಿದ್ದು ನಾನು. ಗೋಡೆಗೆ ತಗುಲಿ ವಾಪಸ್ ಬಂದಾಗಲೇ ನನಗೂ ತಿಳಿದದ್ದು. ಬಜ್ಜಿ ತರುತ್ತಿದ್ದವರು ಬಾಗಿಲಲ್ಲೇ ನಿಂತರು. ಆಮೇಲೆ ಎದ್ದ ಗಲಾಟೆಗೆ ಡೆಂಕಣಿಕೋಟೆಯ ಕಾಡಿನವರೆಗೂ ಒಂದು ಆನೆಯೂ ಉಳಿದಿರಲಾರದು. ತಮಿಳು ಟೀಚರ್ ನನ್ನನ್ನು ತಬ್ಬಿಕೊಂಡು ಅತ್ತಳು. ಪಿ.ಟಿ. ಮೇಷ್ಟ್ರು ವಿಸಿಲ್ ಊದಲು ಹೋಗಿ, ಕಿಟಕಿ ನೋಡಿ, ಜೇಬಿಗೆ ಹಾಕಿಕೊಂಡರು.

ಹೆಡ್‌ಮಾಸ್ಟರು ನನ್ನ ಟಿಕೆಟನ್ನು ಮೇಜಿನ ಮೇಲಿನ ಬಿಲ್ಲೆಗಳ ಜೊತೆ ಹೋಲಿಸಿದರು. ನಲವತ್ತೇಳು ಅಲ್ಲಿರಲಿಲ್ಲ. ನಾನು ಕೆಳಗೆ ನೋಡಿದೆ. ಪಕ್ಕದ ಟಿಕೆಟಿನಲ್ಲಿ ನಲವತ್ತೊಂದು ಹಾಗೇ ಉಳಿದಿತ್ತು. ಅವರು ಕರೆದದ್ದು ಅದನ್ನು. ನಾನು ಹೊಡೆದದ್ದು ಇದನ್ನು.

ಎದ್ದು ನಿಂತೆ. "ಸಾರ್, ನನ್ನದೇ ತಪ್ಪು. ನಲವತ್ತೇಳು ನೀವು ಕರೆದಿಲ್ಲ."

"ಕರೆದ್ರು!" ಅಂದಳು ತಮಿಳು ಟೀಚರ್.

"ಕರೆದ್ರು, ನಾನೇ ಕೇಳಿದೆ," ಅಂದರು ಪಿ.ಟಿ. ಮೇಷ್ಟ್ರು. ಆಮೇಲೆ ಇಡೀ ಹಾಲೇ ಕರೆದ್ರು, ಕರೆದ್ರು ಎಂದು ಶುರು ಮಾಡಿತು. ಸತ್ಯವನ್ನೇ ಹೇಳಬೇಕೆಂದು ದಿನಾ ಬೆಳಿಗ್ಗೆ ಮಕ್ಕಳಿಗೆ ಕಲಿಸುವವರು ಅಷ್ಟೂ ಜನ. ಹೆಡ್‌ಮಾಸ್ಟರ ಹೆಂಡತಿ ಎಲ್ಲರಿಗಿಂತ ಜೋರಾಗಿ, "ಮೂರೂ ಭಾಷೇಲಿ ಕರೆದ್ರಿ!" ಅಂದರು.

ಹೆಡ್‌ಮಾಸ್ಟರು ಎಲ್ಲರ ಮುಖ ನೋಡಿದರು. ನನ್ನನ್ನೂ ನೋಡಿದರು. "ಬಿಲ್ಲೆ ಕೆಳಗೆ ಬಿತ್ತೇನೋ," ಎನ್ನುತ್ತಾ ಚೀಲದ ಸಮೇತ ಮೇಜಿನ ಕೆಳಗೆ ಬಗ್ಗಿದರು. ಮೇಲೇಳಲು ಸ್ವಲ್ಪ ಹೊತ್ತಾಯಿತು.

"ಕೆಳಗಿಲ್ಲ. ಚೀಲದಲ್ಲೂ ಇಲ್ಲ. ಚೀಲದಲ್ಲಿಲ್ಲ ಅಂದ್ರೆ ಕರೆದಿದೀನಿ ಅಂತಲೇ ಅರ್ಥ. ಕೂತ್ಕೊಳ್ಳಮ್ಮ, ನಿಂದು ಸರಿಯಾಗಿದೆ."

ಬಹುಮಾನ ಒಂದು ಹಾಟ್‌ಬಾಕ್ಸ್. ಮನೆಗೆ ತಂದು ಅಡುಗೆಮನೆಯಲ್ಲಿಟ್ಟು ಬಹಳ ಹೊತ್ತು ನೋಡುತ್ತಾ ನಿಂತಿದ್ದೆ. ನನಗಾಗಿ ಅಷ್ಟು ಒಳ್ಳೆಯವರು ಒಟ್ಟಿಗೆ ಸುಳ್ಳು ಹೇಳಿದ್ದರು. ಅವರ ಋಣ ತೀರಿಸುವ ದಾರಿ ನನಗೆ ತಿಳಿಯದು.

ಮರುದಿನ ಹೆಡ್‌ಮಾಸ್ಟರ ಹೆಂಡತಿಯ ಫೋನ್ ಬಂತು. ನಗುವಿನಲ್ಲಿ ಮಾತೇ ಹೊರಡುತ್ತಿರಲಿಲ್ಲ. "ಅಲ್ವೇ, ಒಗೆಯೋಕೆ ಹಾಕೋಣ ಅಂತ ಇವರ ಶರ್ಟಿನ ಜೇಬು ನೋಡ್ದೆ. ನಲವತ್ತೇಳು ಸಿಕ್ತು! ಕಾಲುಚೀಲದಲ್ಲಿ, ಕಾಲರಲ್ಲಿ ಎಲ್ಲೆಲ್ಲಿ ಚೀಟಿ ಇಟ್ಟಿದ್ರೂ ಹಿಡಿದು ಹೊರಗೆ ಹಾಕಿದ ಮನುಷ್ಯ ಇವರು. ತಾವು ಬಚ್ಚಿಡೋವಾಗ ಜೇಬಲ್ಲಿಡೋದಾ?"

ಹಿಂದಿನಿಂದ ಹೆಡ್‌ಮಾಸ್ಟರ ದನಿ ಕೇಳಿಸಿತು. "ಫೋನ್ ಇಡೇ! ಮೊದಲನೇ ಸಲ, ಅಭ್ಯಾಸ ಇಲ್ಲ!"