ಮಾವನವರ ಲೆನ್ಸಿನ ಕೆಂಪಕ್ಷರ

ಇಳಕಲ್ಲಿನ ಹೈಸ್ಕೂಲಿನ್ಯಾಗ ನಾ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಕಲಿಸ್ತೇನಿ. ಅಂದ್ರ ಬೆಳಕಿನ ಪಾಠ ಇಪ್ಪತ್ತೆರಡು ಸಲ ಮಾಡೀನಿ. ಪೀನ ಮಸೂರ ಅಂದ್ರೇನು, ನಿಮ್ನ ಮಸೂರ ಅಂದ್ರೇನು, ನಿದ್ದಿಗಣ್ಣಾಗ ಕೇಳಿದ್ರೂ ಚಿತ್ರ ಸಮೇತ ಹೇಳ್ತೇನಿ. ಇಂಥಾ ಮನುಷ್ಯಾನ ಕೈಯಾಗ ಒಂದು ಹಳೀ ಕ್ಯಾಮೆರಾ ಲೆನ್ಸು ಕೊಟ್ಟು, ಇದು ಯಾವುದು, ಎಷ್ಟು ಬಾಳತೈತಿ ಅಂತ ಕೇಳಿದ್ರ ಹೇಳೂದೇನು ಕಷ್ಟ? ಖರೆ ಹೇಳಬೇಕಂದ್ರ, ನನ್ನ ಯಾರೂ ಕೇಳಿರಲಿಲ್ಲ.

ಲೆನ್ಸು ನಮ್ಮ ಮಾವನವರದು. ಬಾದಾಮಿ ಬಸ್ ಸ್ಟ್ಯಾಂಡ್ ಹತ್ರ ಅವರದೊಂದು ಫೋಟೋ ಸ್ಟುಡಿಯೋ ಇತ್ತು. ಗುಡಿ ನೋಡಾಕ ಬಂದವರು, ಹಾಲ್ ಟಿಕೆಟ್ಟಿನ ಫೋಟೋಕ್ಕ ಬಂದವರು, ಕನ್ಯಾ ತೋರಿಸಾಕ ಫೋಟೋ ಬೇಕಂತ ಬಂದವರು, ಎಲ್ಲಾರೂ ಅವರ ಸ್ಟೂಲಿನ ಮ್ಯಾಲ ಕುಂತು ಹೋದವರ. ಈ ಲೆನ್ಸು ಮಾತ್ರ ಅವರು ಬರೇ ಮುಖ ತಗ್ಯಾಕಂತ ಇಟ್ಟಿದ್ರು. ಈಗಿನವುಗಳಂಗ ಇದು ತಾನಾಗೇ ಏನೂ ಮಾಡಂಗಿಲ್ಲ, ಲೆನ್ಸಿನ ಸುತ್ತಲಿನ ಬಳಿ ಹಿಡದು ಕೈಲೆ ತಿರುವಿ ತಿರುವಿ ಹದಕ್ಕ ತರಬೇಕು. ತಂದ್ರಂದ್ರ ಮುಖ ಸ್ವಚ್ಛ ಕಾಣತೈತಿ, ಹಿಂದಿನದೆಲ್ಲಾ ಮಂಜು ಮಂಜು. ನನ್ನ ಹೆಂಡತಿ ಗಿರಿಜಾನ ಫೋಟೋನೂ ಇದರಾಗ ತಗದು ನಮ್ಮ ಮನಿಗೆ ಕಳಿಸಿದ್ರು. ಅದನ್ನ ನೋಡೇ ನಾ ಹೂಂ ಅಂದೆ. ನನ್ನ ಮುಂದಿನ ಇಪ್ಪತ್ತು ವರ್ಷ ಆ ಮಂಜಿನ್ಯಾಗ ನಿಂತಿತ್ತು, ಕಾಣಲಿಲ್ಲ.

ಮಾವನವರು ಹೋದ ಸಂಕ್ರಮಣದ ಹೊತ್ತಿಗೆ ತೀರಿಕೊಂಡ್ರು. ಬ್ಯಾಸಗಿಯೊಳಗ ಸ್ಟುಡಿಯೋ ಖಾಲಿ ಮಾಡಿದ್ರು. ಗಿರಿಜಾನ ತಮ್ಮ ಸಂಗಮೇಶ ಲೈಟು, ಸ್ಟ್ಯಾಂಡು, ಪ್ರಿಂಟರು, ಕಡೀಕ ಸ್ಟೂಲ್ ಸಹಿತ ಹೊತಗೊಂಡು ಹೋದ. ಗಿರಿಜಾ ಕೇಳಿದ್ದು ಒಂದ.

"ನನಗೇನೂ ಬ್ಯಾಡ. ಅಪ್ಪನ ಕೈಯಾಗಿನ ಆ ಲೆನ್ಸು ಕೊಡ್ರಿ, ಸಾಕು."

"ತಗೋ ಅಕ್ಕಾ, ಅದನ್ನ ಇಟಗೊಂಡು ನಾ ಏನು ಉಪ್ಪಿನಕಾಯಿ ಹಾಕ್ಲಿ?" ಅಂದ ಸಂಗಮೇಶ.

ಆಕಿ ಅದನ್ನ ಗುಳೇದಗುಡ್ಡದ ಕುಬಸದ ಖಣದಾಗ ಸುತ್ತಿ ಟ್ರಂಕಿನ್ಯಾಗ ಇಟ್ಟಳು. ಕತಿ ಅಲ್ಲಿಗೇ ಮುಗೀಬೇಕಿತ್ತು. ಆದ್ರ ನಮ್ಮ ಸಾಲಿಗೆ ಬ್ಯಾಸಗಿ ಸೂಟಿ ಇತ್ತು. ಕಲಿಸಾಕ ಮಕ್ಕಳು ಸಿಗದ ಮಾಸ್ತರ ಮನ್ಯಾಗ ಇರಬಾರದು.

"ಗಿರಿಜಾ, ಆ ಲೆನ್ಸಿನ ಕುಲಗೋತ್ರ ಕಂಡು ಹಿಡದು, ಬೆಲಿ ಎಷ್ಟಂತ ಹೇಳ್ತೇನಿ ತಾ" ಅಂದೆ.

"ಮಾರೂದಿಲ್ಲ ಅಂದಮ್ಯಾಲ ಬೆಲಿ ಯಾಕ ಬೇಕ್ರಿ?"

"ಜ್ಞಾನಕ್ಕ" ಅಂದೆ. ಆಕಿ ಹಣಿ ಹಣಿ ಬಡಕೊಂಡು ತಂದುಕೊಟ್ಟಳು.

ಲೆನ್ಸಿನ ಮಾರಿ ಸುತ್ತ ಸಣ್ಣ ಸಣ್ಣ ಇಂಗ್ಲಿಷ್ ಅಕ್ಷರ ಕೆತ್ತಿದ್ರು, ಒಂದು ಕಡಿ ೮೫ ಅಂತಿತ್ತು. ಅದು ಮಿಲಿಮೀಟರಿನ್ಯಾಗ ಸಂಗಮ ದೂರ ಇರಬೇಕು, ಅಂದ್ರ ಲೆನ್ಸಿನಿಂದ ಬೆಳಕು ಕೂಡೂ ಜಾಗದ ತನಕ ಎಂಟೂವರಿ ಸೆಂಟಿಮೀಟರ್. ಆದ್ರ ಬರದದ್ದನ್ನ ನಂಬೂದು ವಿಜ್ಞಾನಿಯ ಲಕ್ಷಣ ಅಲ್ಲ, ಪ್ರಯೋಗ ಮಾಡಿ ನೋಡಬೇಕು. ಸಾಧನಗಳು: ಒಂದು ಲೆನ್ಸು, ಒಂದು ಬಿಳೀ ಹಾಳಿ, ಒಂದು ಅಳತಿಪಟ್ಟಿ. ವಿಧಾನ: ಕ್ವಾಣಿ ಕತ್ತಲ ಮಾಡಿ, ಒಂದ ಕಿಡಕಿ ತಗದು, ಅಲ್ಲಿ ಲೆನ್ಸು ಹಿಡದು, ದೂರದ ವಸ್ತುವಿನ ಪ್ರತಿಬಿಂಬ ಹಾಳಿ ಮ್ಯಾಲ ಮೂಡುವಂಗ ಮಾಡೂದು. ದೂರದ ವಸ್ತು ಅಂತ ಸಿಕ್ಕದ್ದು ಎದುರುಮನಿ ಮಾಳಿಗಿ ಮ್ಯಾಲ ಸಂಡಗಿ ಹಾಕಾಕತ್ತಿದ್ದ ಶಾಂತವ್ವ.

ಏನು ಹೇಳ್ಲಿ, ಹಾಳಿ ಮ್ಯಾಲ ಶಾಂತವ್ವ ಬಣ್ಣದಾಗ ಬಂದಳು, ಸಂಡಗಿ ಸಮೇತ. ಖುಷಿಗೆ ನಾ ಒದರಿದೆ: "ಗಿರಿಜಾ, ಲಗು ಬಾ. ಶಾಂತವ್ವ ಪೂರಾ ತಲಿಕೆಳಗ ಆಗ್ಯಾಳ!"

ಪ್ರತಿಬಿಂಬ ಅಲ್ಲೇ ಸಂಡಗಿ ಕೈಬಿಟ್ಟು ನಿಂತಿತು.

"ಯಾರು ತಲಿಕೆಳಗ ಆಗ್ಯಾರ್ರಿ ಮಾಸ್ತರ? ಅಲ್ಲಾ, ಕತ್ತಲಾಗ ಕುಂತು ಕಿಡಕ್ಯಾಗಿಂದ ಏನು ಹಿಡದು ನೋಡಾಕತ್ತೀರಿ ನಮ್ಮ ಮಾಳಿಗಿ ಕಡಿ?"

"ಪ್ರತಿಬಿಂಬರೀ ಶಾಂತವ್ವ, ಬೆಳಕಿನ ಪಾಠ…"

"ಸೂಟಿಯಾಗ ಯಾರಿಗ್ರಿ ಪಾಠ? ಸಂಜೀಕ ನಮ್ಮ ಮನಿಯವರು ಬರ್ಲಿ, ಅವರಿಗೆ ಕಲಿಸೀರಂತ."

ಸಂಜೀಕ ಅವರು ಬಂದ್ರು. ಗಿರಿಜಾ ಚಾ ಮಾಡಿಕೊಟ್ಟು, "ಇವರು ಮೊದಲಿಂದ ಹಿಂಗರಿ, ಬ್ಯಾರೆ ಚಟ ಏನಿಲ್ಲ" ಅಂತ ಸಮಾಧಾನ ಮಾಡಿ ಕಳಿಸಿದ್ಲು. ಈಗಲೂ ನಾ ಆ ಕಿಡಕಿ ಹತ್ರ ಹೋದ್ರ ಎದುರುಮನಿ ಬಾಗಿಲಾ ಮುಚ್ಚತೈತಿ.

ಇರ್ಲಿ. ಪ್ರಯೋಗದ ಫಲಿತಾಂಶ ನಾಕೂವರಿ ಸೆಂಟಿಮೀಟರ್ ಬಂತು. ಬರದದ್ದು ಎಂಟೂವರಿ! ಇಪ್ಪತ್ತೆರಡು ವರ್ಷದ ಮಾಸ್ತರ ತಪ್ಪೋದು ಶಕ್ಯ ಇಲ್ಲ. ಅಂದಮ್ಯಾಲ ೮೫ ಸಂಗಮ ದೂರ ಅಲ್ಲ, ಇಸವಿ. ಸಾವಿರದ ಒಂಬೈನೂರೋ, ಸಾವಿರದ ಎಂಟನೂರೋ ಅನ್ನೂದು ಉಳೀತು. ಕೈಯಾಗ ಹಿಡದ್ರ ಭಾರ ಇತ್ತು, ಹಂಗಾಗಿ ಎಂಟನೂರಾ ಎಂಬತ್ತೈದು ಅಂತ ನಿರ್ಣಯ ಮಾಡಿದೆ.

ಇಷ್ಟು ಹಳೀ ಸಾಮಾನು ಬಿಗಿ ಇರೂದು ಸಹಜ. ಬಳಿ ತಿರುಗವಲ್ಲದು. ಗಿರಿಜಾನ ಹೊಲಿಗಿ ಮಷೀನಿನ ಎಣ್ಣಿ ನಾಕು ಹನಿ ಬಿಟ್ಟೆ. ಸಾಕಾಗಲಿಲ್ಲ. ಮತ್ತ ಆರು ಹನಿ ಬಿಟ್ಟೆ. ಬೆಣ್ಣಿ ತಿರುಗಿದಂಗ ತಿರುಗಾಕತ್ತಿತು. ವಿಜ್ಞಾನಕ್ಕ ಅಡ್ಡಿ ಎಲ್ಲೈತಿ?

ಆಮ್ಯಾಲ ಭೂತಗನ್ನಡಿ ಹಿಡದು ಅಕ್ಷರ ಓದಾಕ ಕುಂತಾಗ ಅದು ಕಂಡಿತು. ಎಲ್ಲಾ ಅಕ್ಷರ ಬೆಳ್ಳಗ, ನಡುವ ಒಂದ ಒಂದು ಅಕ್ಷರ ಕೆಂಪಗ! ಮೊಬೈಲಿನ್ಯಾಗ ಹುಡುಕಿದೆ. ಹಳೀ ಲೆನ್ಸಿನ ಹುಚ್ಚಿದ್ದವರು ಬರದ ಒಂದು ಪುಟದಾಗ ನನ್ನ ಲೆನ್ಸಿನ ಫೋಟೋನ ಇತ್ತು. ಈ ಅಕ್ಷರ ಬೆಳ್ಳಗ ಇದ್ದವು ಸಂತಿ ಬದನಿಕಾಯಿ ಇದ್ದಂಗ, ಎಲ್ಲೆ ಬೇಕಲ್ಲಿ ಸಿಗತಾವ. ಕೆಂಪಗ ಇದ್ದವು ಎಣಿಸಿದಷ್ಟ ಮಾಡಿದ್ದು, ಅವಕ್ಕ ಪರದೇಶದಾಗ ನಾಕು ಲಕ್ಷದ ತನಕಾ ಕೇಳತಾರ. ನನ್ನ ಎದಿ ಡವಡವ ಬಡಕೊಂಡಿತು. ಅದ ಪುಟದಾಗ ೮೫ ಅಂದ್ರ ಸಂಗಮ ದೂರ ಅಂತನೂ ಬರದಿತ್ತು, ಅದನ್ನ ಓದಿ ಮುಂದ ಸರಿಸಿದೆ.

ಕೂಸು ಹುಟ್ಟೂಕ್ಕಿಂತ ಮೊದಲ ಕುಲಾವಿ ಹೊಲಿಸಿದ್ರು ಅಂತಾರಲ್ಲ, ನಾ ಅಷ್ಟಕ್ಕ ನಿಲ್ಲಲಿಲ್ಲ, ಕುಲಾವಿ ಊರಿಗೆಲ್ಲಾ ತೋರಿಸಿದೆ. ಮೊಬೈಲಿನ ಬೀಗರ ಗ್ರೂಪಿನ್ಯಾಗ ಬರದೆ: "ಎಲ್ಲಾ ಬಂಧುಗಳಿಗೆ ಹರ್ಷದಿಂದ ತಿಳಿಸುವುದೇನೆಂದರೆ, ನಮ್ಮ ಪೂಜ್ಯ ಮಾವನವರು ಬಿಟ್ಟು ಹೋದ ಲೆನ್ಸು ಕೆಂಪಕ್ಷರದ ಅಪರೂಪದ ಲೆನ್ಸಾಗಿದ್ದು, ಅದರ ಬೆಲೆ ನಾಲ್ಕು ಲಕ್ಷ ಎಂದು ನಾನು ವೈಜ್ಞಾನಿಕವಾಗಿ ಕಂಡುಹಿಡಿದಿದ್ದೇನೆ."

ಐದು ನಿಮಿಷದಾಗ ಸಂಗಮೇಶನ ಫೋನ್ ಬಂತು. "ಮಾಮಾರ, ಲೆನ್ಸು ಆರಾಮ ಐತಿಲ್ರಿ?"

ಮದವಿಯಾದಾಗಿಂದ ಆಂವ ನನ್ನ ಆರಾಮ ಕೇಳಿದ್ದಿಲ್ಲ. ಮರುದಿನ ಮುಂಜಾನೆ ಬಾದಾಮಿಯಿಂದ ಬಂದೂ ಬಿಟ್ಟ, ಜೋಡಿ ಅತ್ತಿಯವರನ್ನೂ ಕರಕೊಂಡು. ಉಪ್ಪಿಟ್ಟು ತಿಂದು, ಕೈ ಒರಿಸಿಕೊಂಡು ಸುರು ಮಾಡಿದ.

"ಅಕ್ಕಾ, ತಪ್ಪ ತಿಳಕೋಬ್ಯಾಡ. ಸಣ್ಣ ಸಾಮಾನು ಅಂತ ಕೊಟ್ಟಿದ್ವಿ. ನಾಕು ಲಕ್ಷದ್ದು ಅಂದಮ್ಯಾಲ ಅದರಾಗ ಅವ್ವಂದೂ ಐತಿ, ನಂದೂ ಐತಿ. ಮಾರಿ ಮೂರು ಪಾಲು ಮಾಡೂಣು."

ಗಿರಿಜಾ ಟ್ರಂಕಿನ್ಯಾಗಿಂದ ಖಣದ ಗಂಟು ತಂದು ನಡುವ ಇಟ್ಟು, ಅಡಗಿ ಮನಿಗೆ ಹೋದಳು. ನಾ ಹಿಂದ ಹೋದೆ.

"ಇಷ್ಟೆಲ್ಲಾ ಸಾಮಾನಿನ್ಯಾಗ ನಾ ಕೇಳಿದ್ದು ಅದೊಂದ" ಅಂದಳು, ನನ್ನ ಕಡಿ ನೋಡದ. "ಅದನ್ನ ನನ್ನ ಕೈಯಾಗಿಂದ ಕಸಗೊಂಡಾಂವ ನನ್ನ ತಮ್ಮ ಅಲ್ರಿ. ನೀವು."

ಆಕಿ ಕಣ್ಣಾಗ ನೀರು ಇತ್ತು. ಆದ್ರೂ ಹೊರಗ ಬಂದಾಗ ಅತ್ತಿಯವರು ಲೆನ್ಸು ಹಿಡಕೊಂಡು, "ಅಲ್ರಿ ಅಳಿಯಾರ, ಈ ಕೆಂಪು…" ಅಂತ ಏನೋ ಹೇಳಾಕ ಬಂದ್ರ, "ಅತ್ತಿ, ನಿಮಗ ಇದು ತಿಳಿಯಂಗಿಲ್ಲ, ವಿಜ್ಞಾನದ ವಿಷಯ ಐತಿ" ಅಂದೆ. ಅವರು ಪಾಪ, ಲೆನ್ಸು ಮತ್ತ ಖಣದಾಗ ಸುತ್ತಿಟ್ರು.

ಹುನಗುಂದ ಬಸ್ಸು ಹಿಡದು, ಅಲ್ಲಿಂದ ಮತ್ತೊಂದು ಬಸ್ಸು ಹತ್ತಿ ನಾಕೂ ಮಂದಿ ಬಾಗಲಕೋಟಿಗೆ ಹೋದ್ವಿ. ಅಲ್ಲಿ ಇಮಾಮಸಾಬ್ ಅಂತ ಹಳೀ ಕ್ಯಾಮೆರಾ ರಿಪೇರಿ ಮಾಡೂ ಚಾಚಾ ಅದಾರ. ಬಸ್ಸಿನ್ಯಾಗ ಸಂಗಮೇಶ ಲೆನ್ಸನ್ನ ತೊಡಿ ಮ್ಯಾಲ ಇಟಗೊಂಡು, ತಗ್ಗು ಬಂದಾಗೊಮ್ಮೆ ಎರಡೂ ಕೈಲೆ ಅವಚಗೊಂಡ. ಗಿರಿಜಾ ಕಿಡಕಿ ಹೊರಗ ನೋಡಕೋತ ಕುಂತಿದ್ಲು.

ಚಾಚಾ ಲೆನ್ಸು ತಿರುವಿ ನೋಡಿದ್ರು. "ಚಲೋ ಲೆನ್ಸರಿ. ಮುಖದ ಫೋಟೋಕ್ಕ ಹೇಳಿ ಮಾಡಿಸಿದ್ದು. ಎಂಬತ್ತೈದರದ್ದು."

"ಪ್ರಯೋಗದಾಗ ನಾಕೂವರಿ ಬಂತಲ್ರಿ?" ಅಂದೆ.

"ಒಳಗ ನಾಕೈದು ಗಾಜು ಅದಾವ್ರಿ ಮಾಸ್ತರ. ಹಿಂದಿನ ತುದಿಯಿಂದ ಅಳದ್ರ ಹಂಗ ಬರತೈತಿ." ಆಮ್ಯಾಲ ಬಳಿ ತಿರುವಿ, ಬೆರಳು ಮೂಸಿದ್ರು. "ಇದಕ್ಕ ಎಣ್ಣಿ ಯಾರು ಹಾಕಿದ್ರು?"

ನಮ್ಮವರ ಮೂರೂ ಜೋಡಿ ಕಣ್ಣು ನನ್ನ ಕಡಿ ತಿರುಗಿದ್ವು.

"ಬಿಡ್ರಿ ಚಾಚಾ, ಎಣ್ಣಿ ಹೋಗಲಿ. ಮುಖ್ಯ ವಿಷಯ ಕೆಂಪಕ್ಷರ. ಧೂಳ ಕುಂತೈತಿ, ಚಂದಂಗ ತಿಕ್ಕಿ ಒರಸ್ರಿ, ಹೊಳೀಲಿ" ಅಂದೆ.

ಚಾಚಾ ಹತ್ತಿಗೆ ಸ್ಪಿರಿಟ್ ಹಚ್ಚಿ ಒರಸಿದ್ರು. ಒಂದ ಸಲ. ಹತ್ತಿ ಕೆಂಪಗಾತು. ಅಕ್ಷರ ಬೆಳ್ಳಗಾತು.

ಆಗ ಅತ್ತಿಯವರು ಬಾಯಿ ತಗದ್ರು. "ಮುಂಜಾನೆ ಹೇಳಾಕ ಬಂದಿದ್ದು ಅದನ್ನರಿ ಅಳಿಯಾರ. ಅದು ಕುಂಕುಮ. ವರ್ಷಾ ದಸರಾದಾಗ ಖಂಡೇಪೂಜಿ ದಿನ ಅವರು ಎಲ್ಲಾ ಸಾಮಾನಕ್ಕೂ ಹಚ್ಚತಿದ್ರು. ಹೋದ ವರ್ಷನೂ ಕೈ ನಡಗತಿದ್ವು, ಆದ್ರೂ ತಾವ ಹಚ್ಚಿದ್ರು. ಅದ ಕಡೀದು."

ಗಿರಿಜಾ ಕೈ ಮುಂದ ಮಾಡಿದ್ಲು. "ಚಾಚಾ, ಆ ಹತ್ತಿ ಕೊಡ್ರಿ." ಅದನ್ನ ಇಸಗೊಂಡು ಖಣದ ಚುಂಗಿನ್ಯಾಗ ಗಂಟು ಹಾಕಿದ್ಲು. ಒಂದ ದಿನದಾಗ ನಾ ಆಕಿ ಅಪ್ಪನ ಸಾಮಾನು ತಮ್ಮಗ ಕೊಡಿಸಿದ್ದೆ, ಅಪ್ಪನ ಬೆರಳಿನ ಗುರುತು ಒರಸಿಸಿದ್ದೆ. ನನಗ ಅಲ್ಲೇ ಕೌಂಟರ್ ಕೆಳಗ ಹೊಕ್ಕು ಕುಂದ್ರಬೇಕು ಅನಿಸಿತು.

"ಹಂಗಾರ ರೇಟ್ ಎಷ್ಟ್ರಿ?" ಸಂಗಮೇಶ ಇನ್ನೂ ಆಸೆ ಬಿಟ್ಟಿರಲಿಲ್ಲ.

"ಬಿಳಿ ಅಕ್ಷರದ್ದು, ಸ್ವಚ್ಛ ಇದ್ದಿದ್ರ ನಾಕು ಸಾವಿರ. ಈಗ ಒಳಗ ಬೆಳಕು ಹೆಚ್ಚು ಕಡಿಮಿ ಮಾಡೂ ಪದರು ಎಣ್ಣ್ಯಾಗ ಅಂಟಿ ಕುಂತಾವ. ಎಂಟನೂರು."

ಎಂಟನೂರಕ್ಕ ಮೂರು ಪಾಲು ಮಾಡಿದ್ರ ಬಸ್ಸಿನ ಟಿಕೆಟ್ಟೂ ಹುಟ್ಟಂಗಿಲ್ಲ ಅನ್ನೂದನ್ನ ಸಂಗಮೇಶ ಭಾಳ ಲಗು ತಿಳಕೊಂಡ. "ಅಕ್ಕಾ, ಅಪ್ಪನ ನೆನಪಿಂದು, ನೀನ ಇಟಗೋ" ಅಂದ, ದಾನಶೂರನಂಗ.

"ಎಣ್ಣಿ ತಗದು ಕೊಡಾಕ ಎಷ್ಟಾಗತೈತ್ರಿ ಚಾಚಾ?" ಗಿರಿಜಾ ಕೇಳಿದ್ಲು.

"ಎಲ್ಲಾ ಬಿಚ್ಚಬೇಕವ್ವ. ಒಂಬೈನೂರು."

"ಬಿಚ್ಚರಿ. ಕೊಡೂದು ಇವರು."

ಕೊಟ್ಟೆ. ತಿರುಗಿ ಬರುವಾಗ ಬಸ್ಸಿನ್ಯಾಗ, "ಹೆಂಗರೆ ಆಗ್ಲಿ, ನನ್ನ ಕಡಿಯಿಂದ ಲೆನ್ಸು ನಿನಗ ಖಾಯಂ ಆತಲ್ಲ?" ಅಂದೆ. ಹುನಗುಂದ ಬರೂತನಕ ಆಕಿ ನನ್ನ ಕೂಡ ಮಾತಾಡಲಿಲ್ಲ, ಹುನಗುಂದ ದಾಟಿದ ಮ್ಯಾಲೂ ಆಡಲಿಲ್ಲ.

ದಸರಾ ಬಂತು. ಈ ವರ್ಷ ಖಂಡೇಪೂಜಿ ಗಿರಿಜಾನ ಮಾಡಿದ್ಲು. ಹೊಲಿಗಿ ಮಷೀನು, ಈಳಿಗಿ, ಮಿಕ್ಸರು, ನನ್ನ ಸ್ಕೂಟರು, ಎಲ್ಲಾ ಸಾಲಾಗಿ ಇಟ್ಟು ವಿಭೂತಿ, ಕುಂಕುಮ ಹಚ್ಚಿದ್ಲು. ಕಡೀಕ ಲೆನ್ಸು ತಗೊಂಡು, ಕುಂಕುಮಕ್ಕ ಒಂದು ಹನಿ ನೀರು ಬಿಟ್ಟು ಕಲಸಿ, ಅದ ಅಕ್ಷರದ ಮ್ಯಾಲ ಬೆರಳು ಒತ್ತಿ ಹಿಡದು ನಿಂತಳು. ಕಣ್ಣು ತುಂಬಿದ್ವು, ಮುಖ ಮಾತ್ರ ಸಮಾಧಾನ ಆಗಿತ್ತು. ನನ್ನ ಜೀವಕ್ಕೂ ಆವತ್ತ ಹಗೂರ ಅನಿಸಿತು. ಸಿಟ್ಟು ಇಳದಿರಬೇಕು ಅಂತ ತಿಳಕೊಂಡು, ನಾನೂ ಸ್ಕೂಟರಿನ ಬಾಜೂಕ ಹೋಗಿ ನಿಂತು ಹಣಿ ಮುಂದ ಚಾಚಿದೆ.

ಗಿರಿಜಾ ಕುಂಕುಮದ ಬಟ್ಟಲಾ ಹಿಂದಕ್ಕ ತಗೊಂಡಳು.

"ನೀವ್ಯಾಕ ಬಂದ್ರಿ? ಆ ಕಡಿ ಸರೀರಿ. ಇವತ್ತ ಪೂಜಿ ಕೆಲಸಕ್ಕ ಬರೂ ಸಾಮಾನಿಗಷ್ಟ."

ಸರದು ನಿಂತೆ.